ಅಜ್ಜಿ ಮನೆಯ ಅಟ್ಟದಲ್ಲಿ ಸಿಕ್ಕ ಬಣ್ಣದ ತೊಟ್ಟಿಲು, ಕುರ್ಚಿ, ಗಾಡಿ: ಮೂರೂ ಒಂದೇ ಕೈಯ ಕೆಲಸವೇ?

ಅಟ್ಟದ ಇಲಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಧಾರವಾಡ ಜಿಲ್ಲೆಯ ಹಳ್ಳಿಯೊಂದರಲ್ಲಿ ನಮ್ಮ ಅಜ್ಜಿಯ ಮನೆ ಇದೆ. ಅಜ್ಜಿ ಹೋಗಿ ಒಂದು ವರ್ಷವಾಯಿತು. ಮಳೆಗಾಲಕ್ಕೆ ಮೊದಲು ಮಾಳಿಗೆ ಸೋರುವುದನ್ನು ನಿಲ್ಲಿಸೋಣ ಅಂತ ಹೋದೆವು. ಅಟ್ಟ ಖಾಲಿ ಮಾಡಿದಾಗ ಹಳೇ ಜಮಖಾನದಲ್ಲಿ ಸುತ್ತಿದ ಮರದ ತುಂಡುಗಳು ಸಿಕ್ಕವು. ಮೊದಲು ಮುರಿದ ಮಂಚ ಅಂದುಕೊಂಡಿದ್ದೆ. ಅಂಗಳದಲ್ಲಿ ಹರಡಿ ನೋಡಿದರೆ ತೊಟ್ಟಿಲು! ಜೊತೆಗೆ ಒಂದು ಪುಟ್ಟ ಕುರ್ಚಿ. ಮಕ್ಕಳು ನಿಂತು ತಳ್ಳುವ ಮೂರು ಚಕ್ರದ ಗಾಡಿ ಕೂಡ.

ತೊಟ್ಟಿಲಿನ ಹಲಗೆಗಳ ಮೇಲೆ ಚಿತ್ರಗಳಿವೆ. ಒಂದು ಕಡೆ ಕೃಷ್ಣ ಬೆಣ್ಣೆ ಗಡಿಗೆಗೆ ಕೈ ಹಾಕಿದ್ದಾನೆ. ಇನ್ನೊಂದು ಕಡೆ ಕಾಳಿಂಗನ ಹೆಡೆಯ ಮೇಲೆ ಕುಣಿಯುತ್ತಿದ್ದಾನೆ. ತಲೆ ಕಡೆಯ ಹಲಗೆಗೆ ಮಾತ್ರ ಯಾರೋ ನೀಲಿ ಪೇಂಟ್ ಬಳಿದಿದ್ದಾರೆ. ಮಾವನನ್ನು ಕೇಳಿದರೆ ನಕ್ಕರು. ಅಂದರೆ ಅವರೇ. ಕುರ್ಚಿಯ ಬೆನ್ನಿನ ಮೇಲೆ ಕುದುರೆ, ಗಾಡಿಯ ಹಿಡಿಯ ಮೇಲೆ ಗಿಳಿ.

ಫೋಟೋಗಳನ್ನು ಹಾಕಿದ್ದೇನೆ. ತೊಟ್ಟಿಲನ್ನು ಜೋಡಿಸಲು ಹೋದರೆ ತುಂಡುಗಳು ಸರಿಯಾಗಿ ಕೂಡುತ್ತಿಲ್ಲ. ನನ್ನ ಪ್ರಶ್ನೆಗಳು ಇಷ್ಟು. ಇದು ಕಲಘಟಗಿ ತೊಟ್ಟಿಲೇ? ಮೂರನ್ನೂ ಒಬ್ಬನೇ ಮಾಡಿರಬಹುದೇ? ತೊಳೆಯುವುದು ಹೇಗೆ? ಇನ್ನೊಂದು ಮಾತು, ಅಕ್ಕನಿಗೆ ಈಗ ಏಳನೇ ತಿಂಗಳು. ಮಗುವನ್ನು ಇದರಲ್ಲೇ ಮಲಗಿಸಬೇಕು ಅಂತ ಅಮ್ಮನ ಆಸೆ.

ಹುಬ್ಬಳ್ಳಿ ಮೆಣಸಿನಕಾಯಿ
ಫೋಟೋ ನೋಡಿದ ಕೂಡಲೇ ಕಲಘಟಗಿ ಅಂತ ಬಾಯಿಗೆ ಬಂತು. ನಮ್ಮ ಕಡೆ ಬಣ್ಣದ ತೊಟ್ಟಿಲು ಅಂದರೆ ಅದೇ. ಕಲಘಟಗಿ ಇರುವುದು ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ. ಆಚೆಗೆ ಹೋದರೆ ಯಲ್ಲಾಪುರ, ಹಳಿಯಾಳ, ದಾಂಡೇಲಿಯ ಸಾಗವಾನಿ ಕಾಡು. ಮರ ಹತ್ತಿರ, ಪೇಟೆಯೂ ಹತ್ತಿರ. ಆ ಊರಿಗೆ ಈ ಕೆಲಸ ಸುಮ್ನೆ ಬಂದದ್ದಲ್ಲ.

ಮೊದಲ ಹೆರಿಗೆಗೆ ಮಗಳು ತವರಿಗೆ ಬಂದಾಗ ತೊಟ್ಟಿಲು ಕೊಡುವುದು ತವರಿನವರ ಲೆಕ್ಕ. ನಮ್ಮ ಮನೆಯಲ್ಲಿ ಒಂದೇ ತೊಟ್ಟಿಲು ಮೂರು ಓಣಿ ಸುತ್ತಿದೆ. ಯಾರ ಮನೆಯಲ್ಲಿ ಕೂಸು ಹುಟ್ಟಿತೋ ಅವರ ಮನೆಗೆ ಹೋಗುತ್ತಿತ್ತು. ನಾನು ಮಲಗಿದ ತೊಟ್ಟಿಲಿನಲ್ಲಿ ನಮ್ಮ ಎದುರು ಮನೆಯ ವಕೀಲರೂ ಮಲಗಿದ್ದರಂತೆ. ಈಗಲೂ ಸಿಕ್ಕಾಗ ಅದನ್ನೇ ಹೇಳಿ ನಗುತ್ತೇವೆ.

ಒಂದು ಮಾತು, ಖಾಲಿ ತೊಟ್ಟಿಲು ತೂಗಬೇಡಿ. ನಂಬುತ್ತೀರೋ ಬಿಡುತ್ತೀರೋ, ಅಮ್ಮನ ಎದುರಂತೂ ಬೇಡ.

ಉಳಿ ಬಾಚಿ
ನಾನು ಬಡಗಿ ಕೆಲಸದವನು. ಚಿತ್ರದ ಬಗ್ಗೆ ಮಾತಾಡುವಷ್ಟು ತಿಳಿದಿಲ್ಲ, ಮರದ ಬಗ್ಗೆ ಹೇಳುತ್ತೇನೆ.

ನಾಲ್ಕನೇ ಫೋಟೋ ನೋಡಿ. ಕಾಲು ಮತ್ತು ಪಟ್ಟಿ ಸೇರುವ ಜಾಗದಲ್ಲಿ ಮೊಳೆ ಇಲ್ಲ. ಕಚ್ಚು ಕೊರೆದು, ಕೂಡಿಸಿ, ಮರದ ಬೆಣೆ ಹೊಡೆದಿದ್ದಾರೆ. ಅಡಿಯ ಹಲಗೆಗೆ ಇರುವ ಸ್ಕ್ರೂಗಳು ಆಮೇಲೆ ಬಂದವು. ಅವುಗಳ ತಲೆಯಲ್ಲಿ ಕೂಡಿಸುವ ಚಿಹ್ನೆ ಇದೆ. ಹಳೇ ಕೆಲಸದಲ್ಲಿ ಸ್ಕ್ರೂ ಇದ್ದರೂ ತಲೆಯಲ್ಲಿ ಒಂದೇ ಗೆರೆ ಇರುತ್ತದೆ. ಅದೊಂದರಿಂದಲೇ ಕಾಲ ಹೇಳಲು ಬರುವುದಿಲ್ಲ. ಆದರೆ ಯಾವುದು ಮೂಲ, ಯಾವುದು ರಿಪೇರಿ ಅನ್ನುವುದು ತಿಳಿಯುತ್ತದೆ.

ಸರಳುಗಳು ಮತ್ತು ಕಾಲುಗಳು ಕಡಸಲಿನಲ್ಲಿ, ಅಂದರೆ ಮರವನ್ನು ತಿರುಗಿಸುತ್ತಾ ಕಡೆಯುವ ಸಾಧನದಲ್ಲಿ ಮಾಡಿದವು. ಹಲಗೆಗಳು ಕೈಯಿಂದ ಹೆರೆದವು. ಬೆರಳು ಆಡಿಸಿ ನೋಡಿ, ಹಿಂಬದಿ ಸಣ್ಣಗೆ ಅಲೆ ಅಲೆಯಾಗಿ ಸಿಗಬೇಕು. ಯಂತ್ರದ ಹಲಗೆಯಲ್ಲಿ ಆ ಅಲೆ ಇರುವುದಿಲ್ಲ.

ಅಟ್ಟದ ಇಲಿ
ಅಲೆ ಇದೆ! ಈಗಷ್ಟೇ ಮುಟ್ಟಿ ನೋಡಿದೆ. ಇನ್ನೊಂದು ಕಂಡಿತು. ಕಾಲುಗಳ ಒಳಮೈಯಲ್ಲಿ ಉಳಿಯಿಂದ ಕೊರೆದ ಗೆರೆಗಳಿವೆ. ಒಂದರಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಎರಡು, ಹೀಗೆ ನಾಲ್ಕರವರೆಗೆ. ಇದು ಇಸವಿಯೋ, ಮಾಡಿದವರ ಗುರುತೋ? ಒಬ್ಬ ಪರಿಚಿತರು "ಮನೆತನದ ಲಿಪಿ" ಅಂದರು. ಕೇಳಿ ರೋಮಾಂಚನವಾಯಿತು.

ಉಳಿ ಬಾಚಿ
ರೋಮಾಂಚನ ಕೆಡಿಸುತ್ತಿದ್ದೇನೆ, ಕ್ಷಮಿಸಿ. ಅದು ಜೋಡಣೆ ಗುರುತು. ಒಂದು ಗೆರೆಯ ಕಾಲಿಗೆ ಒಂದು ಗೆರೆಯ ಪಟ್ಟಿ, ಎರಡಕ್ಕೆ ಎರಡು. ಕೈಯಿಂದ ಕೊರೆದ ಕಚ್ಚು ಪ್ರತಿಯೊಂದೂ ಸ್ವಲ್ಪ ಬೇರೆ ಇರುತ್ತದೆ. ಅದಲು ಬದಲಾದರೆ ಕೂಡುವುದಿಲ್ಲ. ತೊಟ್ಟಿಲನ್ನು ಬಿಚ್ಚಿ ಚಕ್ಕಡಿಯಲ್ಲಿ ಹಾಕಿ ಊರಿಂದ ಊರಿಗೆ ಒಯ್ಯಬೇಕಿತ್ತಲ್ಲ. ಓದಲು ಬರದವರೂ ಮತ್ತೆ ಜೋಡಿಸಲಿ ಅಂತ ಹಾಕುತ್ತಿದ್ದರು. ನಾನು ಇವತ್ತಿಗೂ ಕಿಟಕಿ ಚೌಕಟ್ಟಿಗೆ ಇದನ್ನೇ ಹಾಕುತ್ತೇನೆ.

ನಿಮ್ಮದು ಸರಿಯಾಗಿ ಕೂಡುತ್ತಿಲ್ಲ ಅಂದಿದ್ದಿರಲ್ಲ? ಪಟ್ಟಿಗಳ ತುದಿ ನೋಡಿ.

ಅಟ್ಟದ ಇಲಿ
ಪಟ್ಟಿಯ ತುದಿಯಲ್ಲೂ ಗೆರೆ ಇವೆ. ಧೂಳು ತುಂಬಿತ್ತು, ಕಾಣಲಿಲ್ಲ. ಹೊಂದಿಸಿದೆವು. ಟಕ್ ಅಂತ ಕೂತಿತು. ಎರಡು ದಿನದಿಂದ ಸುತ್ತಿಗೆ ಹಿಡಿದು ನಿಂತಿದ್ದ ಮಾವ ಏನೂ ಮಾತಾಡಲಿಲ್ಲ.

ಆಲೆಮರ
ನಾನು ಚನ್ನಪಟ್ಟಣದ ಕಡೆಯವನು. ನಮ್ಮ ಊರಿನ ಹೆಸರು ಬರಲೇಬೇಕಲ್ವಾ, ಬಂದೆ. ಆ ಮೂರು ಚಕ್ರದ ಗಾಡಿ ನಮ್ಮ ಕಡೆಯದು ಇರಬಹುದೇ ಅಂತ ಅನುಮಾನ ಬಂತು. ನಮ್ಮಲ್ಲಿ ಆಲೆಮರವನ್ನು ಕಡಸಲಿನಲ್ಲಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತೇವೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆ ಗರಿಯಿಂದ ತಿಕ್ಕಿದರೆ ಹೊಳಪು. ಹಾಗಾಗಿ ನಮ್ಮ ಬಣ್ಣ ಯಾವಾಗಲೂ ಪಟ್ಟೆ ಪಟ್ಟೆಯಾಗಿ, ದುಂಡಗೆ ಸುತ್ತಿಕೊಂಡಿರುತ್ತದೆ.

ಗಾಡಿಯ ಚಕ್ರ, ಹಿಡಿ ಹಾಗೇ ಇವೆ. ಆದರೆ ಆ ಗಿಳಿ ಕುಂಚದ ಕೆಲಸ. ನಮ್ಮ ಗಾಡಿಗಳ ಮೇಲೆ ಅಂಥ ಗಿಳಿ ನಾನು ನೋಡಿಲ್ಲ. ಮರವೂ ಆಲೆಯಷ್ಟು ಬೆಳ್ಳಗೆ, ಹಗುರ ಇದ್ದಂತಿಲ್ಲ. ಎತ್ತಿ ನೋಡಿ. ಭಾರ ಇದ್ದರೆ ಸಾಗವಾನಿಯೇ.

ಅಟ್ಟದ ಇಲಿ
ಭಾರ ಇದೆ. ಎರಡು ವರ್ಷದ ಮಗು ತಳ್ಳಿದರೆ ಗಾಡಿಯೇ ಮಗುವನ್ನು ನಿಲ್ಲಿಸುವಂತಿದೆ.

ಕಿನ್ನಾಳದ ಸೊಸೆ
ಕೊಪ್ಪಳದ ಹತ್ತಿರದ ಕಿನ್ನಾಳವೂ ಇದೆ, ಮರೆಯಬೇಡಿ. ಅಲ್ಲಿನ ಗೊಂಬೆಗಳಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಮೇಲೆ ಎಲ್ಲರೂ ಗೊಂಬೆ ಅಂತಲೇ ನೆನೆಯುತ್ತಾರೆ. ಆದರೆ ಅಲ್ಲಿನ ಚಿತ್ರಗಾರರು ತೊಟ್ಟಿಲು, ಪಲ್ಲಕ್ಕಿ, ಚೌಕಿ ಎಲ್ಲವನ್ನೂ ಮಾಡಿದವರು.

ವ್ಯತ್ಯಾಸ ಕಂಡುಹಿಡಿಯುವುದು ಸುಲಭ. ಕಿನ್ನಾಳದಲ್ಲಿ ಹಗುರವಾದ ಮರ. ಅದರ ಮೇಲೆ ಕಿಟ್ಟ ಹಾಕುತ್ತಾರೆ. ಸೆಣಬಿನ ಪುಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಅರೆದದ್ದು ಕಿಟ್ಟ. ಒಡವೆ, ಹೂವು ಎಲ್ಲ ಅದರಲ್ಲೇ ಉಬ್ಬಿ ನಿಲ್ಲುತ್ತವೆ. ಮೇಲೆ ಕಲ್ಲಿನ ಪುಡಿಯ ಬಿಳಿ ಲೇಪ, ಆಮೇಲೆ ಬಣ್ಣ. ಚಿನ್ನದಂತೆ ಹೊಳೆಯುವ ಜಾಗಕ್ಕೆ ತವರದ ಪುಡಿಯನ್ನು ಅಂಟಿನಲ್ಲಿ ಕಲಸಿ ಹಚ್ಚಿ ಉಜ್ಜುತ್ತಾರೆ. ಅದಕ್ಕೆ ಲಾಜವರ ಅನ್ನುತ್ತಾರೆ.

ನಿಮ್ಮ ಕೃಷ್ಣನ ಕಿರೀಟ ಉಬ್ಬಿದೆಯೇ, ಚಪ್ಪಟೆಯೇ?

ಅಟ್ಟದ ಇಲಿ
ಪೂರ್ತಿ ಚಪ್ಪಟೆ. ಬಣ್ಣದ ಕೆಳಗೆ ನೇರ ಮರ. ಬಿಳಿ ಲೇಪವೂ ಕಾಣುತ್ತಿಲ್ಲ.

ಕಿನ್ನಾಳದ ಸೊಸೆ
ಹಾಗಾದರೆ ನಮ್ಮದಲ್ಲ. ಸ್ವಲ್ಪ ಬೇಜಾರಾಯಿತು, ಇರಲಿ.

ಹಳೇ ಸಾಮಾನು
ನೇರವಾಗಿ ಹೇಳುತ್ತೇನೆ. ನಾನು ಹಳೇ ವಸ್ತು ಕೊಂಡು ಮಾರುವವನು. ಇದರಲ್ಲಿ ಸಹಿ ಇಲ್ಲ, ಇಸವಿ ಇಲ್ಲ, ಮಾಡಿದವರ ಹೆಸರಿಲ್ಲ. ಮೇಲೆ ನೀಲಿ ಪೇಂಟ್. ಈ ಸ್ಥಿತಿಯಲ್ಲಿ ಬೆಲೆ ಸಿಗುವುದಿಲ್ಲ. ಪೂರ್ತಿ ಉಜ್ಜಿ ತೆಗೆದು, ಹೊಸದಾಗಿ ಬಣ್ಣ ಬರೆಸಿ, ವಾರ್ನಿಷ್ ಹೊಡೆಸಿ. ಹೋಟೆಲ್, ರೆಸಾರ್ಟ್‌ನವರು ಹಾರಿಕೊಂಡು ತಗೊಳ್ಳುತ್ತಾರೆ. ತೊಟ್ಟಿಲಲ್ಲಿ ಗಿಡ ಇಡುತ್ತಾರೆ, ಚೆನ್ನಾಗಿ ಕಾಣುತ್ತದೆ.

ಹುಬ್ಬಳ್ಳಿ ಮೆಣಸಿನಕಾಯಿ
ತೊಟ್ಟಿಲಲ್ಲಿ ಗಿಡ. ನಮ್ಮ ಅಜ್ಜಿ ಇದನ್ನು ಓದಿದ್ದರೆ ನಿಮ್ಮ ಅಂಗಡಿಗೆ ಬಂದು ನಿಲ್ಲುತ್ತಿದ್ದರು.

ಅರಗು ಅಂಟು
ದಯವಿಟ್ಟು ಉಜ್ಜಬೇಡಿ. ನಾನು ಹಳೇ ಚಿತ್ರಗಳನ್ನು ಉಳಿಸುವ ಕೆಲಸದಲ್ಲಿ ಸ್ವಲ್ಪ ವರ್ಷ ಇದ್ದವಳು.

ಮೊದಲು ಮೇಲಿನ ಹೊಳಪು ಅರಗೋ, ವಾರ್ನಿಷೋ, ಪೇಂಟೋ ತಿಳಿಯಬೇಕು. ಕಾಣದ ಜಾಗದಲ್ಲಿ, ಅಂದರೆ ಅಡಿಯಲ್ಲಿ ಎಲ್ಲೋ ಬಣ್ಣ ಸೋಕಿದ ಕಡೆ, ಹತ್ತಿಯ ಕಡ್ಡಿಗೆ ಒಂದು ಹನಿ ಸ್ಪಿರಿಟ್ ಹಾಕಿ ಮುಟ್ಟಿಸಿ. ಅಂಟಂಟಾದರೆ ಅರಗು. ಎನಾಮೆಲ್ ಪೇಂಟ್ ಅಷ್ಟಕ್ಕೆಲ್ಲ ಜಗ್ಗುವುದಿಲ್ಲ. ಚಿತ್ರದ ಮೇಲೆ ಮಾತ್ರ ಈ ಪರೀಕ್ಷೆ ಮಾಡಬೇಡಿ. ಕೃಷ್ಣನ ಮೂಗು ಹತ್ತಿಗೆ ಬಂದುಬಿಡುತ್ತದೆ.

ಅರಗು ಆದರೆ ಮೂರು ಶತ್ರುಗಳು. ಸ್ಪಿರಿಟ್ ಕರಗಿಸುತ್ತದೆ. ಬಿಸಿ ಮೆತ್ತಗೆ ಮಾಡುತ್ತದೆ. ನೀರು ನಿಂತರೆ ಬೆಳ್ಳಗೆ ಮಂಜು ಹಿಡಿಯುತ್ತದೆ. ಆದ್ದರಿಂದ ಸೋಪು ನೀರು, ಸೀಮೆಎಣ್ಣೆ, ಥಿನ್ನರ್ ಯಾವುದೂ ಬೇಡ. ಬಿಸಿಲಿಗೆ ಇಡುವುದೂ ಬೇಡ. ಮೆತ್ತನೆ ಕುಂಚದಿಂದ ಧೂಳು ಗುಡಿಸಿ. ಹಳೇ ಹತ್ತಿ ಬಟ್ಟೆ ಒದ್ದೆ ಮಾಡಿ, ಗಟ್ಟಿಯಾಗಿ ಹಿಂಡಿ, ಒರೆಸಿ. ತಕ್ಷಣ ಒಣ ಬಟ್ಟೆಯಿಂದ ಇನ್ನೊಮ್ಮೆ. ಅಷ್ಟೇ.

ಕೊಬ್ಬರಿ ಎಣ್ಣೆ ಹಚ್ಚಿದರೆ ಹೊಳೆಯುತ್ತದೆ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಒಂದು ವಾರ ಹೊಳೆಯುತ್ತದೆ, ಆಮೇಲೆ ಊರಿನ ಧೂಳೆಲ್ಲ ಅದರ ಮೇಲೆ.

ಅಟ್ಟದ ಇಲಿ
ಅರಗೇ. ಅಂಟಂಟಾಯಿತು. ನೀಲಿ ಪೇಂಟ್ ಜಗ್ಗಲಿಲ್ಲ. (ಕೊಬ್ಬರಿ ಎಣ್ಣೆ ನಿನ್ನೆಯೇ ಹಚ್ಚಿದ್ದೆವು. ಚಿಕ್ಕಮ್ಮ ಹೇಳಿದ್ದರು.)

ಅಂದಹಾಗೆ ಒಂದು ಕಾಲಿನ ಕೆಳಗೆ ಹಿಟ್ಟಿನಂತೆ ಪುಡಿ ಬೀಳುತ್ತಿದೆ. ಗೆದ್ದಲೇ?

ಉಳಿ ಬಾಚಿ
ಗೆದ್ದಲಾದರೆ ಮಣ್ಣಿನ ದಾರಿ ಇರುತ್ತದೆ. ಹಿಟ್ಟಿನಂಥ ಪುಡಿ ಅಂದರೆ ಕುಟ್ಟೆ ಹುಳ. ಸಾಗವಾನಿಯ ತಿರುಳನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಹೊರಗಿನ ಬಿಳಿ ಭಾಗವನ್ನು ತಿನ್ನುತ್ತದೆ. ಆ ಕಾಲಿನಲ್ಲಿ ಒಂದು ಅಂಚು ಬಿಳಿಚಿಕೊಂಡಿದೆಯೇ ನೋಡಿ. ಕೆಳಗೆ ಕರೀ ಕಾಗದ ಹಾಸಿ ಎರಡು ವಾರ ಬಿಡಿ. ಹೊಸ ಪುಡಿ ಬೀಳದಿದ್ದರೆ ಹುಳ ಸತ್ತು ಎಷ್ಟೋ ಕಾಲವಾಗಿದೆ, ಹಳೇ ಪುಡಿ ಅಲುಗಾಟಕ್ಕೆ ಉದುರುತ್ತಿದೆ ಅಷ್ಟೇ. ಮಗು ಮಲಗುವ ವಸ್ತುವಿಗೆ ಕೀಟನಾಶಕ ಹೊಡೆಯಬೇಡಿ.

ಎರಡು ಮಕ್ಕಳ ತಾಯಿ
ಎಲ್ಲರೂ ಚಿತ್ರದ ಬಗ್ಗೆ ಮಾತಾಡುತ್ತಿದ್ದೀರಿ. ಮಗುವಿನ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಅದಕ್ಕೆ ಬಂದೆ.

ಆ ನೀಲಿ ಪೇಂಟ್ ಯಾವ ಕಾಲದ್ದು? ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಎನಾಮೆಲ್ ಅಂದರೆ ಸೀಸ ಇದೆ ಅಂತಲೇ ತಿಳಿದು ನಡೆಯುವುದು ಒಳ್ಳೆಯದು. ಹಲ್ಲು ಬರುವ ಮಗು ಮೊದಲು ಕಚ್ಚುವುದು ತೊಟ್ಟಿಲಿನ ಅಂಚನ್ನೇ. ಸೀಸ ಇರುವ ಪೇಂಟ್ ಚಕ್ಕೆ ಸಿಹಿಯಾಗಿರುತ್ತದೆ, ಅದೇ ದೊಡ್ಡ ಕಷ್ಟ. ಮರಳು ಕಾಗದ ಹಾಕಿ ಉಜ್ಜಿದರೆ ಆ ಧೂಳು ಮನೆಯಲ್ಲೆಲ್ಲ ಹರಡುತ್ತದೆ. ಗರ್ಭಿಣಿ ಇರುವ ಮನೆಯಲ್ಲಂತೂ ಬೇಡವೇ ಬೇಡ.

ಸರಳುಗಳ ನಡುವಿನ ಸಂದು ಅಳೆಯಿರಿ. ಈಗಿನ ಲೆಕ್ಕದಲ್ಲಿ ಅದು ಸುಮಾರು 6 ಸೆಂಟಿಮೀಟರ್ ದಾಟಬಾರದು. ಮೈ ತೂರಿ ತಲೆ ಸಿಕ್ಕಿಕೊಳ್ಳುವ ಅಪಾಯ ಇರುತ್ತದೆ. ಕಾಳಿಂಗನಿಗಿಂತ ಆ ಸಂದಿನ ಹೆದರಿಕೆ ನನಗೆ ಜಾಸ್ತಿ.

ಅಟ್ಟದ ಇಲಿ
ಅಳೆದೆ. 9 ಸೆಂಟಿಮೀಟರ್.

ಹುಬ್ಬಳ್ಳಿ ಮೆಣಸಿನಕಾಯಿ
ನಾವೆಲ್ಲ ಅದರಲ್ಲೇ ಮಲಗಿ ಬೆಳೆದವರಲ್ವಾ? ಏನೂ ಆಗಲಿಲ್ಲ. ನೈಸರ್ಗಿಕ ಬಣ್ಣ ಬೇರೆ. ಎಷ್ಟೋ ವರ್ಷವಾದರೂ ಮಾಸದ ಬಣ್ಣ.

ಎರಡು ಮಕ್ಕಳ ತಾಯಿ
ಏನೂ ಆಗದವರು ಬಂದು ಇಲ್ಲಿ ಬರೆಯುತ್ತಾರೆ. ಆದವರು ಬರೆಯುವುದಿಲ್ಲ.

ಅರಗು ಅಂಟು
ನೈಸರ್ಗಿಕ ಅಂದ ಮಾತ್ರಕ್ಕೆ ವಿಷವಿಲ್ಲ ಅಂತಲ್ಲ. ಹಳೇ ಚಿತ್ರಗಾರರ ಹಳದಿಗಳಲ್ಲಿ ಹರಿತಾಳವೂ ಒಂದು. ಅದರಲ್ಲಿ ಇರುವುದು ಆರ್ಸೆನಿಕ್. ಒಳ್ಳೆಯ ಕೆಂಪಿಗೆ ಇಂಗಳೀಕ, ಅದರಲ್ಲಿ ಪಾದರಸ. ಕಾವಿ, ಕಾಡಿಗೆ, ಗಿಡದಿಂದ ಬರುವ ನೀಲಿ ಇವೆಲ್ಲ ಅಷ್ಟು ಅಪಾಯದವಲ್ಲ. ನಿಮ್ಮ ತೊಟ್ಟಿಲಿನಲ್ಲಿ ಯಾವುದಿದೆ ಅಂತ ಫೋಟೋ ನೋಡಿ ಯಾರೂ ಹೇಳಲಾರರು, ಹೇಳಿದರೆ ನಂಬಬೇಡಿ. ಎಕ್ಸ್‌ಆರ್‌ಎಫ್ ಅನ್ನುವ ಉಪಕರಣದಲ್ಲಿ ನೋಡಿದರೆ ಬಣ್ಣ ಕೆರೆಯದೆಯೇ ಸೀಸ, ಪಾದರಸ, ಆರ್ಸೆನಿಕ್ ತಿಳಿಯುತ್ತದೆ. ಮೇಲೆ ಅರಗಿನ ಪದರ ಗಟ್ಟಿಯಾಗಿ ಇರುವವರೆಗೆ ಒಳಗಿನ ಬಣ್ಣ ಸುಲಭವಾಗಿ ಕೈಗೆ ಬರುವುದಿಲ್ಲ. ಆದರೆ ಮಗುವಿನ ಬಾಯಿಗೆ ಆ ಲೆಕ್ಕ ಹೇಳಲು ಬರುವುದಿಲ್ಲವಲ್ಲ.

ನೀಲಿ ಹಲಗೆಯ ಬಗ್ಗೆ ಒಂದು ಪ್ರಶ್ನೆ. ನಿಮ್ಮ ಮಾವ ಪೇಂಟ್ ಬಳಿಯುವ ಮೊದಲು ಮರ ಉಜ್ಜಿದ್ದರೇ?

ಅಟ್ಟದ ಇಲಿ
ಕೇಳಿದೆ. "ಉಜ್ಜುವುದಕ್ಕೆ ಯಾರಿಗೆ ಪುರಸೊತ್ತಿತ್ತು" ಅಂದರು. ಬಾಗಿಲಿಗೆ ಬಳಿದು ಉಳಿದದ್ದನ್ನು ಇದಕ್ಕೆ ಬಳಿದರಂತೆ.

ಅರಗು ಅಂಟು
ನಿಮ್ಮ ಮಾವನ ಸೋಮಾರಿತನಕ್ಕೆ ನಮಸ್ಕಾರ ಹೇಳಿ. ಅರಗಿನ ಮೇಲ್ಮೈ ಗಾಜಿನ ಹಾಗೆ ನುಣುಪು. ಉಜ್ಜದೆ ಬಳಿದ ಎನಾಮೆಲ್ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಎಲ್ಲಾದರೂ ಬಿರುಕು ಬಿಟ್ಟು ಎದ್ದಿದ್ದರೆ, ಆ ಅಂಚಿನಲ್ಲಿ ಬಿದಿರಿನ ಚೂಪು ಕಡ್ಡಿಯಿಂದ ಮೆಲ್ಲಗೆ ಎತ್ತಿ ನೋಡಿ. ಕಬ್ಬಿಣ ಬೇಡ. ಹೊರಗೆ, ಮಾಸ್ಕ್ ಹಾಕಿಕೊಂಡು. ಕೆಳಗೆ ಹಿಂಡಿದ ಒದ್ದೆ ಬಟ್ಟೆ ಹಾಸಿ, ಚಕ್ಕೆ ಎಲ್ಲ ಅದರಲ್ಲೇ ಬೀಳಲಿ. ಅಕ್ಕ ಹತ್ತಿರ ಬರಬಾರದು. ಒಂದು ರೂಪಾಯಿ ಅಗಲ ಸಾಕು. ಹಟ ಮಾಡಿದರೆ ನಿಲ್ಲಿಸಿ.

ಅಟ್ಟದ ಇಲಿ
(ನಾಲ್ಕು ದಿನದ ಮೇಲೆ)
ಬರುತ್ತಿದೆ! ಒಂದು ರೂಪಾಯಿ ಅಗಲ ಅಂದಿದ್ದಿರಿ, ನಾನು ಅಂಗೈ ಅಗಲ ತೆಗೆದೆ. ಬೈಯಬೇಡಿ. ಚಕ್ಕೆ ಚಕ್ಕೆಯಾಗಿ, ಬಸಳೆ ಎಲೆಯಷ್ಟು ದೊಡ್ಡವೂ ಬಂದವು.

ಕೆಳಗೆ ಅಲೆಗಳು. ಅಲೆಗಳ ನಡುವೆ ಎದೆಮಟ್ಟ ನೀರಿನಲ್ಲಿ ನಿಂತ ಒಬ್ಬ ಮನುಷ್ಯ. ತಲೆಯ ಮೇಲೆ ಬುಟ್ಟಿ. ಬುಟ್ಟಿಯ ಅಂಚಿನಿಂದ ಒಂದು ಪುಟ್ಟ ಕಾಲು ಹೊರಗೆ ಬಂದಿದೆ. ಮೇಲೆ ಹಾವಿನ ಹೆಡೆಗಳು ಕೊಡೆಯ ಹಾಗೆ.

ಮಾವ ಬಂದು ನೋಡಿದರು. "ಇದು ಇತ್ತೇನು ಇಲ್ಲಿ" ಅಂದರು. ಸುಮಾರು ಹೊತ್ತು ನಿಂತಿದ್ದರು. ಅವರೂ ಇದರಲ್ಲೇ ಮಲಗಿದವರು.

ಕಿನ್ನಾಳದ ಸೊಸೆ
ಯಮುನೆ ದಾಟುವ ವಸುದೇವ. ಮಗುವಿನ ತಲೆ ಇರುವ ಕಡೆಯೇ ಬರೆದಿದ್ದಾನಲ್ಲ. ಬುಟ್ಟಿಯೂ ಒಂದು ತೊಟ್ಟಿಲೇ ತಾನೇ. ಆ ಹೊರಗೆ ಬಂದ ಕಾಲು ನೋಡಿ, ಮನೆಯಲ್ಲಿ ಮಕ್ಕಳಿದ್ದವನು ಬರೆದದ್ದು.

ಹಳೇ ಸಾಮಾನು
ಈಗ ಮಾತು ಬೇರೆ. ಮಾರುವುದಾದರೆ ನನಗೆ ಒಂದು ಮಾತು ಹೇಳಿ. ಗಿಡ ಇಡುವ ಮಾತು ವಾಪಸ್ ತಗೊಂಡಿದ್ದೇನೆ.

ಆದರೂ ಯಾರು ಮಾಡಿದ್ದು ಅಂತ ಗೊತ್ತಾದರೆ ಒಳ್ಳೆಯದು. ಕಲಘಟಗಿಯ ತೊಟ್ಟಿಲಿಗೆ ಈಗ ಹೆಸರಿದೆ. 2018ರಲ್ಲಿ ಅಂಬರೀಶ್ ಅವರು ಯಶ್ ಮನೆಯ ಮಗುವಿಗೆ ಅಂತ ಕಲಘಟಗಿಯಲ್ಲಿ ತೊಟ್ಟಿಲು ಮಾಡಿಸಿದ್ದರು. ಅವರು ತೀರಿಕೊಂಡ ಮೇಲೆ ಅದು ಮಗುವಿನ ಮನೆ ಸೇರಿತು. ಆಮೇಲೆ ಬೆಂಗಳೂರಿನವರೂ ಇದನ್ನು ಕೇಳಲು ಶುರು ಮಾಡಿದರು. ಕೊಳ್ಳುವವರು ಮೊದಲು ಕೇಳುವುದು, ಯಾರ ಕೈ ಅಂತಲೇ.

ಹುಬ್ಬಳ್ಳಿ ಮೆಣಸಿನಕಾಯಿ
ಸಹಿ ಹುಡುಕುವುದೇ ತಪ್ಪು ದಾರಿ. ನಮ್ಮ ಕಡೆಯ ಚಿತ್ರಗಾರ ಒಂದೇ ಕೆಲಸದವನಲ್ಲ. ಶ್ರಾವಣ ಬಂದರೆ ಗಣಪತಿ ಮಾಡುತ್ತಾನೆ. ಮದುವೆ ಕಾಲಕ್ಕೆ ಬಾಸಿಂಗ ಕಟ್ಟುತ್ತಾನೆ, ಮಣೆಗೆ ಬಣ್ಣ ಹಾಕುತ್ತಾನೆ. ಹೋಳಿಗೆ ಕಾಮಣ್ಣ, ರತಿ. ಊರ ಜಾತ್ರೆಗೆ ಮೊದಲು ದ್ಯಾಮವ್ವ ಬಣ್ಣಕ್ಕೆ ಕೂರುತ್ತಾಳೆ, ಆಗ ದೇವಿಯ ಮೈಗೂ ಮುಖಕ್ಕೂ ಬಣ್ಣ ಹಚ್ಚುವುದು ಇದೇ ಕೈ. ಪಲ್ಲಕ್ಕಿ, ತೇರಿನ ಹಲಗೆ, ಎತ್ತಿನ ಕೊಂಬು ಬೇರೆ. ನಡುವೆ ಪುರಸೊತ್ತಾದಾಗ ತೊಟ್ಟಿಲು. ದ್ಯಾಮವ್ವನ ಮೇಲೆ ಯಾರಾದರೂ ಸಹಿ ಹಾಕುತ್ತಾರೆಯೇ?

ಹಾಗಾಗಿ ನಿಮ್ಮ ಊರಿನಲ್ಲೇ ನೋಡಿ. ಊರಿನ ಕಾಮಣ್ಣ ಮರದ್ದಾದರೆ ಇನ್ನೂ ಚೆನ್ನ.

ಆಲೆಮರ
ಗಿಳಿಯ ಕಣ್ಣು ಹತ್ತಿರದಿಂದ ತೆಗೆದು ಹಾಕಿ ಮೊದಲು. ನಮ್ಮಲ್ಲಿ ಯಾರ ಗೊಂಬೆ ಯಾರದ್ದು ಅಂತ ಕಣ್ಣು ನೋಡಿಯೇ ಹೇಳುವವರಿದ್ದಾರೆ. ಬಟ್ಟೆ, ಒಡವೆ ಎಲ್ಲರೂ ನೋಡಿ ಕಲಿಯುತ್ತಾರೆ. ಕಣ್ಣು ಇಡುವುದು ಮಾತ್ರ ಅವರವರದ್ದು. ಬೆಂಗಳೂರು ಮೈಸೂರು ರಸ್ತೆಯಲ್ಲಿ ಓಡಾಡಿದರೆ ರಾಮನಗರದ ಜಾನಪದ ಲೋಕಕ್ಕೂ ಹೋಗಿ ಬನ್ನಿ, ಹಳ್ಳಿ ಮನೆಗಳ ಬಳಕೆಯ ಸಾಮಾನು ಬೇಕಾದಷ್ಟಿದೆ. ಎಚ್.ಎಲ್. ನಾಗೇಗೌಡರು ಕೂಡಿಸಿದ್ದು. ಅಲ್ಲಿ ಒಂದು ಗಂಟೆ ನಿಂತರೆ ಕಣ್ಣು ಪಳಗುತ್ತದೆ.

ಅಟ್ಟದ ಇಲಿ
ಕಣ್ಣಿನ ಫೋಟೋ ಹಾಕಿದ್ದೇನೆ. ಕೆಂಪು ಸುತ್ತು ಎರಡು, ಒಂದರೊಳಗೆ ಒಂದು. ನಡುವೆ ಕಪ್ಪು ಬೊಟ್ಟು, ಆದರೆ ನಟ್ಟನಡುವೆ ಅಲ್ಲ, ಕೊಕ್ಕಿನ ಕಡೆಗೆ ಸ್ವಲ್ಪ ಜರುಗಿದೆ. ಹಾಗಾಗಿ ಗಿಳಿ ಏನನ್ನೋ ನೋಡುತ್ತಿರುವಂತೆ ಕಾಣುತ್ತದೆ. ಆಶ್ಚರ್ಯ ಏನೆಂದರೆ ಕುರ್ಚಿಯ ಕುದುರೆಗೂ ಅದೇ ಕಣ್ಣು. ಕಾಳಿಂಗನ ಐದೂ ಹೆಡೆಗೆ ಅದೇ ಕಣ್ಣು! ಇಷ್ಟು ದಿನ ಎದುರಿಗಿದ್ದರೂ ನೋಡಿರಲಿಲ್ಲ. ಮೂರೂ ಒಂದೇ ಕೈ ಅಂತ ಈಗ ನನಗೆ ಅನುಮಾನವಿಲ್ಲ.

ಶನಿವಾರ ಊರಿಗೆ ಹೋಗುತ್ತೇನೆ.

ಅಟ್ಟದ ಇಲಿ
(ಆರು ದಿನದ ಮೇಲೆ)
ಹೋಗಿ ಬಂದೆ. ಕೂತು ಬರೆಯುತ್ತಿದ್ದೇನೆ.

ಕಾಮಣ್ಣನನ್ನು ಓಣಿಯ ಹಿರಿಯರ ಮನೆಯ ಒಳಕೋಣೆಯಲ್ಲಿ ಇಟ್ಟಿರುತ್ತಾರೆ. ಹೋಳಿಗೆ ಮಾತ್ರ ಹೊರಗೆ. ಮೊದಲು ತೋರಿಸಲು ಒಪ್ಪಲಿಲ್ಲ. ತೊಟ್ಟಿಲಿನ ಫೋಟೋ ತೋರಿಸಿದ ಮೇಲೆ ಬಾಗಿಲು ತೆಗೆದರು. ಮರದ ಕಾಮಣ್ಣ, ಪಕ್ಕದಲ್ಲಿ ರತಿ. ರತಿಯ ಕೈಯಲ್ಲಿ ಗಿಳಿ. ಬ್ಯಾಟರಿ ಬೆಳಕು ಬಿಟ್ಟೆ. ಕೆಂಪು ಸುತ್ತು ಎರಡು. ಕಪ್ಪು ಬೊಟ್ಟು ಕೊಕ್ಕಿನ ಕಡೆಗೆ.

ಕೈ ನಡುಗಿ ಫೋಟೋ ಕಲಸಿಹೋಗಿದೆ. ಇದ್ದಿದ್ದರಲ್ಲಿ ಚೆನ್ನಾಗಿರುವುದನ್ನು ಹಾಕಿದ್ದೇನೆ.

ಆ ಮನೆಯ ಅಜ್ಜಿ ಒಬ್ಬರು ಹೇಳಿದ್ದು. ದ್ಯಾಮವ್ವನ ಜಾತ್ರೆಗೆ ಬಣ್ಣ ಹಚ್ಚಲು ಕಲಘಟಗಿ ಕಡೆಯಿಂದ ಒಬ್ಬ ಚಿತ್ರಗಾರ ಬರುತ್ತಿದ್ದನಂತೆ. ತಿಂಗಳುಗಟ್ಟಲೆ ಊರಿನಲ್ಲೇ ಇರುತ್ತಿದ್ದ. ಹಗಲು ಗುಡಿಯ ಕೆಲಸ. ಸಂಜೆ ನಮ್ಮ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಕೂತು ಹಲಗೆಗಳಿಗೆ ಬಣ್ಣ ಹಾಕುತ್ತಿದ್ದ. ಮರ ನಮ್ಮದೇ, ಊರಿನ ಬಡಿಗೇರರು ಕಡೆದು ಕೊಟ್ಟದ್ದು. ಕೂಲಿ ಅಂತ ಎರಡು ಚೀಲ ಜೋಳ ಕೊಟ್ಟಿದ್ದರಂತೆ. ಕುರ್ಚಿಗೆ ಏನೂ ತಗೊಳ್ಳಲಿಲ್ಲ. ಉಳಿದ ಮರದಲ್ಲಿ ಮಾಡಿದ್ದು, ಉಳಿದ ಬಣ್ಣದಲ್ಲಿ ಬರೆದದ್ದು.

ಹೆಸರು ಕೇಳಿದೆ. "ಚಿತ್ರಗಾರಜ್ಜ ಅಂತಿದ್ವಿ" ಅಂದರು. ಅಷ್ಟೇ.

ಹುಬ್ಬಳ್ಳಿ ಮೆಣಸಿನಕಾಯಿ
ಹೇಳಿದೆನಲ್ಲ! ಗಿಳಿ ಅಂದರೆ ಕಾಮನ ವಾಹನ. ರತಿಗೆ ಬರೆದು ಬರೆದು ಕೈ ಪಳಗಿದೆ, ಅದೇ ಗಿಳಿ ಮಕ್ಕಳ ಗಾಡಿಗೂ ಬಂದು ಕೂತಿದೆ. ಹೋಳಿಯಲ್ಲಿ ಹೇಳುವ ಪೋಲಿ ಮಾತುಗಳನ್ನೆಲ್ಲ ಕೇಳಿದ ಗಿಳಿ ತೊಟ್ಟಿಲ ಪಕ್ಕದಲ್ಲಿ ಎಷ್ಟು ಸಾಧುವಾಗಿ ಕೂತಿದೆ ನೋಡಿ.

ಉಳಿ ಬಾಚಿ
ಬಡಿಗೇರರು ಕಡೆದದ್ದು, ಚಿತ್ರಗಾರ ಬರೆದದ್ದು. ಹಾಗಾದರೆ ಎರಡು ಕೈ ಅನ್ನಿ. ನಮ್ಮವರನ್ನು ಯಾವಾಗಲೂ ಮರೆತುಬಿಡುತ್ತೀರಿ. ಆ ಗೆರೆ ಕೊರೆದವನು ಇಲ್ಲದಿದ್ದರೆ ನಿಮ್ಮ ಮಾವ ಸುತ್ತಿಗೆಯಿಂದ ಎಲ್ಲ ಒಡೆದಿರುತ್ತಿದ್ದರು.

ಅಟ್ಟದ ಇಲಿ
ಒಪ್ಪಿದೆ. ಎರಡು ಕೈ.

ಹಳೇ ಸಾಮಾನು
ರತಿಯ ಫೋಟೋ ಸೇರಿಸಿ ಒಂದು ಕಡೆ ಬರೆದಿಡಿ. ಮಾರಲಿ ಬಿಡಲಿ, ಸಹಿಗಿಂತ ಗಟ್ಟಿ ದಾಖಲೆ ಅದು. ನಾನು ಮೊದಲು ಹೇಳಿದ್ದು ತಪ್ಪು.

ಎರಡು ಮಕ್ಕಳ ತಾಯಿ
ಎಲ್ಲ ಸರಿ. ಮಗು ಎಲ್ಲಿ ಮಲಗುತ್ತದೆ?

ಅಟ್ಟದ ಇಲಿ
ನಿಮ್ಮ ಮಾತೇ ನಡೆಯಿತು. ಅಮ್ಮ ಮೂರು ದಿನ ಮುನಿಸಿಕೊಂಡಿದ್ದರು. 9 ಸೆಂಟಿಮೀಟರ್ ಸಂದನ್ನು ಸ್ಕೇಲ್ ಇಟ್ಟು ತೋರಿಸಿದ ಮೇಲೆ ಒಪ್ಪಿದರು. ಹೆಸರಿಡುವ ದಿನ ಮಾತ್ರ ಈ ತೊಟ್ಟಿಲು. ಹಾಸಿಗೆ ಸುತ್ತ ಹತ್ತಿ ಬಟ್ಟೆ ಬಿಗಿದು, ಎಲ್ಲರೂ ಸುತ್ತ ನಿಂತಿರುವಾಗ, ಹತ್ತು ನಿಮಿಷ. ಆಮೇಲೆ ಮಗು ಬೇರೆ ಕಡೆ, ಗಟ್ಟಿಯಾದ ಸಮ ಹಾಸಿಗೆಯಲ್ಲಿ, ಅಂಗಾತ. ಗಾಡಿ ಸದ್ಯಕ್ಕೆ ಗೋಡೆಯ ಹತ್ತಿರ ನಿಂತಿರುತ್ತದೆ.

ಕಾಲಿನ ಕೆಳಗೆ ಹಾಸಿದ ಕರೀ ಕಾಗದ ಇನ್ನೂ ಕರ್ರಗೇ ಇದೆ, ಉಳಿ ಬಾಚಿಯವರೇ.

ಉಳಿ ಬಾಚಿ
ಸಂತೋಷ. ಆದರೆ ಮಗು ಹಾಕುವ ಮೊದಲು ಭಾರ ಹಾಕಿ ತೂಗಿ ನೋಡಿ. ಸರಪಳಿಯ ಕೊಂಡಿ ಬಿಡಿಬಿಡಿಯಾಗಿ ನೋಡಿ, ಸವೆದದ್ದು ಒಂದಿದ್ದರೂ ಪೂರ್ತಿ ಸರಪಳಿ ಬದಲಿಸಿ.

ಕಿನ್ನಾಳದ ಸೊಸೆ
ಅದಕ್ಕೇ ತಾನೇ ಮೊದಲು ಗುಂಡುಕಲ್ಲನ್ನು ಹಾಕಿ ತೂಗುವುದು! ನಾನು ಇಷ್ಟು ದಿನ ಶಾಸ್ತ್ರ ಅಂದುಕೊಂಡಿದ್ದೆ.

ಅಟ್ಟದ ಇಲಿ
(ಎರಡೂವರೆ ತಿಂಗಳ ಮೇಲೆ)
ಹೆಣ್ಣು ಮಗು. ನಿನ್ನೆ ಹೆಸರಿಟ್ಟೆವು. ಗುಂಡುಕಲ್ಲಿಗೆ ಕುಂಚಿಗೆ ಕಟ್ಟಿ, ಕಾಡಿಗೆ ಹಚ್ಚಿ ಮೊದಲು ಮಲಗಿಸಿದೆವು. ಎಡಗಡೆಯ ಕೊಂಡಿ ಕಿರ್ ಅಂದಿತು, ಅಷ್ಟೇ. ಸರಪಳಿ ಹೊಸದು. ಮಗು ಹತ್ತು ನಿಮಿಷವೂ ಇರಲಿಲ್ಲ, ಐದಕ್ಕೇ ಅತ್ತಿತು. ಎತ್ತಿಕೊಂಡ ಮೇಲೆ ಮಾವ ಅಭ್ಯಾಸಬಲಕ್ಕೆ ಖಾಲಿ ತೊಟ್ಟಿಲು ತೂಗಲು ಹೋದರು, ಚಿಕ್ಕಮ್ಮ ಕೈ ಹಿಡಿದರು.

ನೀಲಿ ಇನ್ನೂ ಅರ್ಧ ಹಲಗೆಯ ಮೇಲೆ ಇದೆ. ಉಳಿದದ್ದನ್ನು ತಿಳಿದವರ ಕೈಯಲ್ಲೇ ತೆಗೆಸುತ್ತೇವೆ. ಮಾವ "ನನ್ನ ಕೆಲಸವೂ ಒಂದು ಮೂಲೆಯಲ್ಲಿ ಇರಲಿ" ಅನ್ನುತ್ತಿದ್ದಾರೆ.

ಬೆಣ್ಣೆಹಳ್ಳದ ದಂಡೆ
ಹೊಸಬ ನಾನು, ಈ ಚರ್ಚೆ ಓದಲೆಂದೇ ಸೇರಿದೆ. ನಮ್ಮ ಮನೆಯಲ್ಲಿ ಅಮ್ಮನ ಮದುವೆಯ ಮಣೆ ಇದೆ. ಅದರ ಮೇಲೆ ಎರಡು ಗಿಳಿ. ರಾತ್ರಿ ಎದ್ದು ಹೋಗಿ ನೋಡಿದೆ. ಕೆಂಪು ಸುತ್ತು ಎರಡು ಇದ್ದ ಹಾಗಿದೆ, ಅರಿಶಿನ ಹತ್ತಿ ಸರಿಯಾಗಿ ಕಾಣುತ್ತಿಲ್ಲ. ಒದ್ದೆ ಬಟ್ಟೆಯಲ್ಲಿ ತಿಕ್ಕಲೇ?

ಅರಗು ಅಂಟು
ತಿಕ್ಕಬೇಡಿ!! ಮುಟ್ಟಬೇಡಿ. ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ ಇಟ್ಟು, ಫ್ಲ್ಯಾಶ್ ಇಲ್ಲದೆ ಒಂದು ಫೋಟೋ ತೆಗೆದು ಹಾಕಿ.

ಅಟ್ಟದ ಇಲಿ
ಬೊಟ್ಟು ಎಲ್ಲಿದೆ? ಕೊಕ್ಕಿನ ಕಡೆಗಾ?